ಕಾಗದದ ಮೇಲಿನ ಚಿತ್ರ ಎರಡನೇ ದರ್ಜೆಯದ್ದಾ? ಚಿತ್ತಪ್ರಸಾದ್ ಬಗ್ಗೆ ಕೇಳಿದವರಿಗೆ

ಧಾರವಾಡದ ಓದುಗರೊಬ್ಬರ ಪ್ರಶ್ನೆ: ಊರೂರು ತಿರುಗುವಾಗ ಸ್ಕೆಚ್ ಮಾಡುವ ಅಭ್ಯಾಸ ನನಗಿದೆ. ಈಚೆಗೆ ಚಿತ್ತಪ್ರಸಾದ್ ಎಂಬ ಬಂಗಾಳಿ ಕಲಾವಿದರು 1943ರ ಬಂಗಾಳದ ಬರಗಾಲದ ಬಗ್ಗೆ ಮಾಡಿದ ಚಿತ್ರಗಳನ್ನು ನೋಡಿದೆ. ಎಲ್ಲ ಕಾಗದದ ಮೇಲೆ, ಕಪ್ಪು ಇಂಕಿನಲ್ಲಿ, ಕೆಲವು ಅಚ್ಚು ಹಾಕಿದ್ದು. ಇಷ್ಟು ದೊಡ್ಡ ವಿಷಯಕ್ಕೆ ದೊಡ್ಡ ಪೇಂಟಿಂಗ್ ಯಾಕೆ ಮಾಡಲಿಲ್ಲ? ಅಚ್ಚು ಹಾಕಿದ್ದು ಒರಿಜಿನಲ್ ಹೇಗಾಗುತ್ತದೆ? ಹಸಿದವರನ್ನು ಚಿತ್ರ ಮಾಡುವುದು ಅವರ ಕಷ್ಟವನ್ನು ಬಳಸಿಕೊಂಡ ಹಾಗಲ್ಲವೇ? ನಾನೂ ಆ ಥರ ಬರೆಯಬಹುದೇ?

ಉತ್ತರ: ನಾಲ್ಕು ಪ್ರಶ್ನೆ ಕೇಳಿದ್ದೀರಿ. ನನಗೆ ಅವು ಒಂದೇ ಪ್ರಶ್ನೆಯ ಹಾಗೆ ಕಾಣುತ್ತಿವೆ, ಯಾಕೆಂದರೆ ಮೂರನೆಯದಕ್ಕೆ ಸರಿಯಾದ ಉತ್ತರ ಬೇಕಿದ್ದರೆ ಮೊದಲು ಆ ಕಾಗದ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ನೋಡಬೇಕು.

ಚಿತ್ತಪ್ರಸಾದ್ ಕ್ಯಾನ್ವಾಸ್ ಸಿಗದೆ ಕಾಗದ ಹಿಡಿದವರಲ್ಲ. ಅವರಿಗೆ ಬೇಕಾಗಿದ್ದೇ ಕಾಗದ. 1915ರಲ್ಲಿ ಕಲ್ಕತ್ತದ ಹತ್ತಿರದ ನೈಹಾಟಿಯಲ್ಲಿ ಹುಟ್ಟಿದರು, ಓದಿದ್ದು ಚಿತ್ತಗಾಂಗ್‌ನಲ್ಲಿ, ಅಂದರೆ ಈಗಿನ ಬಾಂಗ್ಲಾದೇಶದಲ್ಲಿ. ಕಲಾಶಾಲೆಯಲ್ಲಿ ಕಲಿತವರಲ್ಲ. ಭಟ್ಟಾಚಾರ್ಯ ಅನ್ನುವ ಅಡ್ಡಹೆಸರು ಜಾತಿ ಹೇಳುತ್ತದೆ ಅಂತ ಅದನ್ನು ಕಿತ್ತುಹಾಕಿ ಬರೀ ಚಿತ್ತಪ್ರಸಾದ್ ಆದರು. ಕಮ್ಯುನಿಸ್ಟ್ ಪಕ್ಷಕ್ಕೆ ಪೋಸ್ಟರ್ ಬರೆಯುತ್ತಿದ್ದರು. ಪಕ್ಷದ ಆಗಿನ ಕಾರ್ಯದರ್ಶಿ ಪಿ.ಸಿ. ಜೋಶಿ ಅವರಿಗೆ ಕಲಾವಿದರು, ಹಾಡುಗಾರರು, ಫೋಟೋಗ್ರಾಫರ್‌ಗಳು ಅಂದರೆ ಬಹಳ ಪ್ರೀತಿ, ಅಂಥವರನ್ನೆಲ್ಲ ಹುಡುಕಿ ಹುಡುಕಿ ಕೆಲಸಕ್ಕೆ ಹಚ್ಚುತ್ತಿದ್ದರು. ಇಪ್ಟಾ ನಾಟಕ ಸಂಘದ ಲಾಂಛನದಲ್ಲಿ ನಗಾರಿ ಬಡಿಯುವ ಮನುಷ್ಯ ಇದ್ದಾನಲ್ಲ, ಅದೂ ಇವರದ್ದೇ ಕೈ.

1943ರ ನವೆಂಬರ್‌ನಲ್ಲಿ ಇವರು ಬಂಗಾಳದ ಮಿಡ್ನಾಪುರ ಜಿಲ್ಲೆಗೆ ಹೋದರು. ಆ ಜಿಲ್ಲೆಯ ಕಥೆ ಗೊತ್ತಿಲ್ಲದೆ ಚಿತ್ರಗಳು ಅರ್ಧ ಮಾತ್ರ ಅರ್ಥವಾಗುತ್ತವೆ. 1942ರ ಅಕ್ಟೋಬರ್ 16ಕ್ಕೆ ಅಲ್ಲಿ ಭಾರಿ ಚಂಡಮಾರುತ ಬಂತು. ಸಮುದ್ರದ ನೀರು ಗದ್ದೆಗೆ ನುಗ್ಗಿತು, ಪೈರು ಹೋಯಿತು, ದನ ಹೋಯಿತು. ಅದಕ್ಕೂ ಮೊದಲೇ ಜಪಾನಿನವರು ಬರ್ಮಾ ಹಿಡಿದಿದ್ದರು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತ್ತು. ಜಪಾನಿನವರು ಬಂಗಾಳಕ್ಕೂ ಬಂದಾರು ಅಂತ ಹೆದರಿದ ಬ್ರಿಟಿಷ್ ಸರ್ಕಾರ ಕರಾವಳಿ ಜಿಲ್ಲೆಗಳಲ್ಲಿ ಅಕ್ಕಿ ದಾಸ್ತಾನು ಎತ್ತಿಸಿತು, ದೋಣಿಗಳನ್ನು ಕಿತ್ತುಕೊಂಡಿತು, ಕೆಲವನ್ನು ಒಡೆದೇ ಹಾಕಿತು. ಹೊಳೆ ಕಾಲುವೆಗಳ ನಾಡಿನಲ್ಲಿ ದೋಣಿ ಇಲ್ಲದಿದ್ದರೆ ಮೀನಿಲ್ಲ, ಸಂತೆ ಇಲ್ಲ. ಜೊತೆಗೆ ಯುದ್ಧಕಾಲದ ಬೆಲೆ ಏರಿಕೆ, ಅಕ್ಕಿ ಬಚ್ಚಿಟ್ಟ ವ್ಯಾಪಾರಿಗಳು. ಇಷ್ಟೂ ಸೇರಿ ಬಂಗಾಳದಲ್ಲಿ ಸತ್ತವರು 15 ಲಕ್ಷ ಅಂತ ಸರ್ಕಾರವೇ ನೇಮಿಸಿದ ವಿಚಾರಣಾ ಆಯೋಗ 1945ರಲ್ಲಿ ಹೇಳಿತು. ಆಮೇಲೆ ಲೆಕ್ಕ ಹಾಕಿದವರು ಸುಮಾರು 30 ಲಕ್ಷ ಅನ್ನುತ್ತಾರೆ. ಮಳೆ ಕೈಕೊಟ್ಟು ಬಂದ ಬರ ಅಲ್ಲ ಇದು, ಅದನ್ನು ಮರೀಬೇಡಿ.

ಇಂಥ ಊರುಗಳಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆಯುವವನು ಏನು ಒಯ್ಯಬಹುದು ಹೇಳಿ. ಒಂದು ಚೀಲ, ಕಾಗದದ ಕಟ್ಟು, ಕುಂಚ, ಇಂಕಿನ ಬಾಟಲಿ. ಎಣ್ಣೆ ಬಣ್ಣ ಒಣಗಲು ದಿನಗಟ್ಟಲೆ ಬೇಕು, ಇಂಕಿಗೆ ಎರಡು ನಿಮಿಷ ಸಾಕು. ಇನ್ನೊಂದು ಕಾರಣವೂ ಇದೆ, ನನ್ನ ಪ್ರಕಾರ ಅದೇ ದೊಡ್ಡದು. ಈ ಚಿತ್ರಗಳು ಪಕ್ಷದ ವಾರಪತ್ರಿಕೆ ಪೀಪಲ್ಸ್ ವಾರ್‌ಗೆ ಹೋಗಬೇಕಿತ್ತು. ಅಗ್ಗದ ನ್ಯೂಸ್‌ಪ್ರಿಂಟ್ ಮೇಲೆ ಫೋಟೋ ಅಚ್ಚು ಹಾಕಬೇಕಾದರೆ ಅದನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆಯಬೇಕು, ಕಾಗದ ಕಳಪೆಯಾದರೆ ಆ ಚುಕ್ಕೆಗಳು ಕಲಸಿಕೊಂಡು ಮುಖವೇ ಮಸಿಯಾಗುತ್ತದೆ. ಗೆರೆಯ ಚಿತ್ರಕ್ಕೆ ಆ ತಾಪತ್ರಯ ಇಲ್ಲ. ಸತುವಿನ ತಗಡಿನ ಮೇಲೆ ಆಸಿಡ್‌ನಲ್ಲಿ ಕೊರೆದ ಬ್ಲಾಕ್ ಮಾಡಿಸಿ ನೇರ ಮಷೀನಿಗೆ ಏರಿಸಬಹುದು. ಗಟ್ಟಿ ಕಪ್ಪು, ಖಾಲಿ ಬಿಳಿ, ನಡುವೆ ಬೂದು ಬಣ್ಣವೇ ಇಲ್ಲ. ಚಿತ್ತಪ್ರಸಾದ್ ಗೆರೆ ಅಷ್ಟು ಖಡಕ್ಕಾಗಿ ಇರುವುದು ಬರೀ ಕೋಪದಿಂದ ಅಲ್ಲ, ಪ್ರೆಸ್ಸಿಗೆ ಏನು ಆಗುತ್ತದೆ ಏನು ಆಗುವುದಿಲ್ಲ ಅಂತ ಗೊತ್ತಿದ್ದರಿಂದಲೂ ಹೌದು.

ಅದೇ ಪ್ರವಾಸದ ಬರಹ ಮತ್ತು ಚಿತ್ರಗಳನ್ನು ಸೇರಿಸಿ ‘ಹಂಗ್ರಿ ಬೆಂಗಾಲ್’ ಅನ್ನುವ ಚಿಕ್ಕ ಪುಸ್ತಕ ಬಂತು. ಬ್ರಿಟಿಷ್ ಸರ್ಕಾರ ಪ್ರತಿಗಳನ್ನು ಜಪ್ತಿ ಮಾಡಿತು, ಸುಮಾರು 5000 ಪ್ರತಿ ನಾಶವಾದವು. ಕುಟುಂಬದವರು ಬ್ಯಾಂಕ್ ಲಾಕರಿನಲ್ಲಿ ಇಟ್ಟಿದ್ದ ಒಂದು ಪ್ರತಿಯಿಂದ ದೆಹಲಿಯ ಗ್ಯಾಲರಿಯೊಂದು 2011ರಲ್ಲಿ ಯಥಾಪ್ರತಿ ಮಾಡಿತು. ನಾವು ಇವತ್ತು ನೋಡುವುದು ಅದರ ಋಣ. ಈಗ ನೀವೇ ಹೇಳಿ, ಆ ಹೊತ್ತಿನಲ್ಲಿ ಹತ್ತಡಿಯ ಎಣ್ಣೆ ಬಣ್ಣದ ಚಿತ್ರ ಯಾವುದೋ ಮಹಾರಾಜರ ಅರಮನೆಯಲ್ಲಿ ತೂಗಿದ್ದರೆ ಸರ್ಕಾರ ಹೆದರುತ್ತಿತ್ತಾ? ಹೆದರಿದ್ದು ಕೈಯಿಂದ ಕೈಗೆ ದಾಟುವ ತೆಳ್ಳಗಿನ ಪುಸ್ತಕಕ್ಕೆ.

ಅದೇ 1943ರಲ್ಲಿ ಕಲ್ಕತ್ತದ ಬೀದಿಗಳಲ್ಲಿ ಇನ್ನೊಬ್ಬರು ಓಡಾಡುತ್ತಿದ್ದರು, ಜೈನುಲ್ ಅಬೇದಿನ್. ಅಲ್ಲಿನ ಸರ್ಕಾರಿ ಕಲಾಶಾಲೆಯ ಮೇಷ್ಟ್ರು, ಆಮೇಲೆ ಢಾಕಾದಲ್ಲಿ ಕಲಾಶಾಲೆ ಕಟ್ಟಿದವರು. ಇವರ ಒಂದು ಚಿತ್ರವನ್ನು ಸ್ವಲ್ಪ ಹೊತ್ತು ನೋಡೋಣ. ಕಸದ ತೊಟ್ಟಿ, ಅದರ ಸುತ್ತ ಮನುಷ್ಯರು, ಕಾಗೆಗಳು. ಬಗ್ಗಿದ ಬೆನ್ನಿಗೆ ಒಂದೇ ಒಂದು ಕುಂಚದ ಎಳೆತ. ಕುಂಚದಲ್ಲಿ ಇಂಕು ಕಡಿಮೆ, ಹಾಗಾಗಿ ಎಳೆತ ನಡುವೆ ಒಣಗಿ ಕಾಗದದ ತರಿ ಕಾಣುತ್ತದೆ, ಪಕ್ಕೆಲುಬು ಎದ್ದುಬಂದ ಹಾಗೆ. ಪಕ್ಕೆಲುಬನ್ನು ಅವರು ಎಣಿಸಿ ಬರೆದಿಲ್ಲ, ಒಣ ಕುಂಚವೇ ಆ ಕೆಲಸ ಮಾಡಿದೆ. ಕಾಗೆಗೆ ಮಾತ್ರ ತುಂಬು ಕಪ್ಪು. ಆ ಚಿತ್ರದಲ್ಲಿ ಮೈತುಂಬಿಕೊಂಡು ಇರುವುದು ಕಾಗೆ ಒಂದೇ! ಹಿಂದೆ ಕಟ್ಟಡ ಇಲ್ಲ, ಟ್ರಾಮ್ ಇಲ್ಲ, ದಾರಿಹೋಕರಿಲ್ಲ. ಎರಡನೇ ಮಹಾಯುದ್ಧದ ಕಲ್ಕತ್ತ ಕಿಕ್ಕಿರಿದ ಊರು, ಆದರೂ ಈ ಹಸಿದವರನ್ನು ಬಿಟ್ಟರೆ ಕಾಗದದಲ್ಲಿ ಯಾರೂ ಇಲ್ಲ. ಬೇರೆ ಯಾವ ಟೀಕೆ ಬೇಕು?

ಇವನ್ನು ಅವರು ಬರೆದದ್ದು ಅಗ್ಗದ, ಒರಟು ಪ್ಯಾಕಿಂಗ್ ಕಾಗದದ ಮೇಲೆ. ಅಂಥ ಕಾಗದ ವರ್ಷ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕೆಲವರು ಅದನ್ನು ನೋಡಿ ‘ಏನು ಚೆಂದದ ಟೋನ್’ ಅಂತಾರೆ. ಟೋನ್ ಅಲ್ಲ ಮಾರಾಯ್ರೆ, ಕಾಗದದೊಳಗಿನ ಆಮ್ಲ.

ಇನ್ನು ಅಚ್ಚಿನ ಪ್ರಶ್ನೆ. ‘ಪ್ರಿಂಟ್’ ಅಂದ ಕೂಡಲೇ ನಮಗೆ ಕ್ಯಾಲೆಂಡರ್ ನೆನಪಾಗುತ್ತದೆ, ಅದು ಸಹಜ. ಕ್ಯಾಲೆಂಡರಿನಲ್ಲಿ ಎಲ್ಲೋ ಒಂದು ಮೂಲ ಪೇಂಟಿಂಗ್ ಇರುತ್ತದೆ, ಮಷೀನು ಅದರ ನಕಲು ಕೊಡುತ್ತದೆ. ಲಿನೊಕಟ್‌ನಲ್ಲಿ, ಅಂದರೆ ಲಿನೊ ಅನ್ನುವ ಹಾಸನ್ನು ಕೊರೆದು ಹಾಕುವ ಅಚ್ಚಿನಲ್ಲಿ, ಹಾಗೆ ಮೂಲ ಅನ್ನುವ ಪೇಂಟಿಂಗೇ ಇಲ್ಲ. ಕಲಾವಿದ ಕೊರೆಯುವುದು ಹಲಗೆಯನ್ನು, ಚಿತ್ರ ಹುಟ್ಟುವುದು ಕಾಗದ ಅದರ ಮೇಲೆ ಕೂತಾಗ. ಪ್ರತಿ ಹಾಳೆಯೂ ಒರಿಜಿನಲ್ಲೇ. ಗ್ಯಾಲರಿಗಳಲ್ಲಿ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ 3/25 ಅಂತ ಬರೆದಿರುತ್ತಾರೆ, ಇಪ್ಪತ್ತೈದರಲ್ಲಿ ಮೂರನೆಯದು ಅಂತ ಲೆಕ್ಕ. ಅದು ಮಾರುಕಟ್ಟೆಯ ಶಿಸ್ತು. ಚಳವಳಿಗೆ ಪೋಸ್ಟರ್ ಹೊಡೆಯುವವರು ಯಾರೂ ಎಣಿಸುತ್ತಾ ಕೂರಲ್ಲ.

ಲಿನೊ ಅನ್ನುವುದು ಮೂಲತಃ ನೆಲಕ್ಕೆ ಹಾಸುವ ಹಾಸು. ಅಗಸೆ ಎಣ್ಣೆ, ಕಾರ್ಕ್ ಪುಡಿ ಕಲಸಿ ಗೋಣಿಬಟ್ಟೆಯ ಮೇಲೆ ಬಡಿದದ್ದು. 1860ರ ದಶಕದಲ್ಲಿ ಫ್ರೆಡರಿಕ್ ವಾಲ್ಟನ್ ಎಂಬ ಇಂಗ್ಲಿಷಿನವನು ಇದಕ್ಕೆ ಪೇಟೆಂಟ್ ಪಡೆದ. ಮರಕ್ಕೆ ನಾರಿನ ಎಳೆ ಇರುತ್ತದೆ, ಉಳಿ ಅದರ ವಿರುದ್ಧ ಹೋದರೆ ಸೀಳುತ್ತದೆ. ಲಿನೊಗೆ ಎಳೆ ಇಲ್ಲ, ಕೈ ಹೇಗೆ ತಿರುಗಿದರೂ ಕೊರೆಯುತ್ತದೆ. ಗಟ್ಟಿಯಾಗಿದ್ದರೆ ಹತ್ತು ನಿಮಿಷ ಬಿಸಿಲಿಗಿಡಿ, ಮೆತ್ತಗಾಗುತ್ತದೆ. ಕೊರೆದ ಜಾಗ ಬಿಳಿ, ಬಿಟ್ಟ ಜಾಗ ಕಪ್ಪು. ರೋಲರಿನಲ್ಲಿ ಇಂಕು ಸವರಿ, ಹಾಳೆ ಇಟ್ಟು, ಚಮಚದ ಬೆನ್ನಿನಿಂದ ಉಜ್ಜಿದರೆ ಅಚ್ಚು ಬರುತ್ತದೆ. ಪ್ರೆಸ್ ಬೇಡ, ಕರೆಂಟು ಬೇಡ, ಬಾಡಿಗೆ ಕೋಣೆಯ ನೆಲ ಸಾಕು. ಆದರೆ ಎಲ್ಲ ಉಲ್ಟಾ ಬರುತ್ತದೆ, ಅಕ್ಷರ ಕೊರೆಯುವವರು ಕನ್ನಡಿಯಲ್ಲಿ ಕಾಣುವ ಹಾಗೆ ಕೊರೆಯಬೇಕು. ಮತ್ತೆ ಒಮ್ಮೆ ಉಳಿ ಹೋಯಿತೆಂದರೆ ಹೋಯಿತು. ರಬ್ಬರು ಇಲ್ಲ.

ಹಾಗಾಗಿ ಲಿನೊದಲ್ಲಿ ಮುಖ ಮಾಡುವವರು ಕಪ್ಪಿನಿಂದ ಶುರುಮಾಡಿ ಬೆಳಕನ್ನು ಹೊರಗೆ ತೆಗೆಯುತ್ತಾರೆ. ಚಿತ್ತಪ್ರಸಾದ್ ಅವರ ಲಿನೊಕಟ್ ಸಿಕ್ಕರೆ ಕೆನ್ನೆಯ ಹತ್ತಿರ ಕಣ್ಣಿಟ್ಟು ನೋಡಿ. ‘ವಿ’ ಆಕಾರದ ಉಳಿಯ ಸಣ್ಣ ಬಿಳಿ ಗೀರುಗಳು ಮೂಳೆಯ ಏರಿಳಿತವನ್ನೇ ಹಿಡಿದು ಹೋಗುತ್ತವೆ, ಗೀರು ದಪ್ಪವಾದಲ್ಲಿ ಬೆಳಕು ಜಾಸ್ತಿ, ತೆಳುವಾದಲ್ಲಿ ನೆರಳು. 1946ರಿಂದ ಅವರು ಬೊಂಬಾಯಿಯಲ್ಲಿದ್ದರು, ಆಮೇಲೆ ಅಂಧೇರಿಯ ಪುಟ್ಟ ಕೋಣೆಯಲ್ಲಿ ವರ್ಷಾನುಗಟ್ಟಲೆ. ಸ್ವಾತಂತ್ರ್ಯ ಬಂದ ಸ್ವಲ್ಪ ದಿನಕ್ಕೆ ಪಕ್ಷದಿಂದ ದೂರ ಸರಿದರು, ಕೆಲಸ ಬಿಡಲಿಲ್ಲ. ಮಕ್ಕಳಿಗಾಗಿ ಗೊಂಬೆಯಾಟ ಕಟ್ಟಿದರು. 1950ರ ದಶಕದ ಶುರುವಿನಲ್ಲಿ ದುಡಿಯುವ ಮಕ್ಕಳ ಬಗ್ಗೆ ಒಂದು ಲಿನೊಕಟ್ ಸರಣಿ ಮಾಡಿದರು, ಅದನ್ನು ಪುಸ್ತಕ ಮಾಡಿದ್ದು 1969ರಲ್ಲಿ ಡೆನ್ಮಾರ್ಕಿನ ಯುನಿಸೆಫ್ ಸಮಿತಿ. ನಮ್ಮ ಬೊಂಬಾಯಿಯ ಮಕ್ಕಳ ಚಿತ್ರಕ್ಕೆ ಪ್ರಕಾಶಕರು ಸಿಕ್ಕಿದ್ದು ಡೆನ್ಮಾರ್ಕಿನಲ್ಲಿ, ಏನು ಹೇಳೋಣ! ಚಿತ್ತಪ್ರಸಾದ್ 1978ರಲ್ಲಿ ಕಲ್ಕತ್ತದಲ್ಲಿ ತೀರಿಕೊಂಡರು.

(ಇದೇ ಬೊಂಬಾಯಿಯಲ್ಲಿ ಅದೇ ಕಾಲಕ್ಕೆ ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರೂ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದರು. ಅವರ ಗೆರೆ ಕುಣಿಯುವ ಮೈಗಳ ಲಯ ಹಿಡಿಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಕಪ್ಪು ಗೆರೆಗೆ ಎಷ್ಟು ದಾರಿ ಇವೆ ಅಂತ ಗೊತ್ತಾಗುತ್ತದೆ.)

ಈ ದಾರಿ ಬಂಗಾಳಕ್ಕೇ ಸೀಮಿತ ಅಲ್ಲ. 1931ರಲ್ಲಿ ಶಾಂಘೈಯಲ್ಲಿ ಬರಹಗಾರ ಲು ಶುನ್ ಹುಡುಗರನ್ನು ಸೇರಿಸಿ ಮರದಚ್ಚಿನ ಶಿಬಿರ ನಡೆಸಿದರು, ಅಲ್ಲಿಂದ ಹೊರಟ ಚೀನೀ ಅಚ್ಚುಗಳು ನಮ್ಮ ಬಂಗಾಳಿ ಕಲಾವಿದರ ಕೈಗೂ ಬಂದವು. ಮೆಕ್ಸಿಕೋದಲ್ಲಿ 1937ರಿಂದ ಜನರ ಅಚ್ಚಿನ ಕಾರ್ಖಾನೆಯೊಂದು ನಡೆಯುತ್ತಿತ್ತು, ಅಗ್ಗದ ಕಾಗದ, ಅಗ್ಗದ ಬೆಲೆ, ಗೋಡೆಗೆ ಅಂಟಿಸುವ ಪೋಸ್ಟರ್. ಅಲ್ಲಿಗೆ 1946ರಲ್ಲಿ ಅಮೆರಿಕದ ಕಪ್ಪು ಕಲಾವಿದೆ ಎಲಿಜಬೆತ್ ಕ್ಯಾಟ್ಲೆಟ್ ಹೋದರು. ಇವರೂ 1915ರಲ್ಲೇ ಹುಟ್ಟಿದವರು. ಪರರ ಹೊಲದಲ್ಲಿ ಪಾಲಿಗೆ ದುಡಿಯುವ ಹೆಂಗಸಿನ ಅವರ ಲಿನೊಕಟ್ ಇದೆ, ದೊಡ್ಡ ಹುಲ್ಲಿನ ಟೋಪಿ, ಕೋಟಿಗೆ ಗುಂಡಿಯ ಬದಲು ಪಿನ್ನು. ನಾವು ಆಕೆಯನ್ನು ಕೆಳಗಿನಿಂದ ತಲೆ ಎತ್ತಿ ನೋಡುವ ಹಾಗೆ ಕೂರಿಸಿದ್ದಾರೆ. ಕ್ಯಾಟ್ಲೆಟ್ ಮೆಕ್ಸಿಕೋದ ಪ್ರಜೆಯಾದ ಮೇಲೆ ಅವರ ಹುಟ್ಟಿದ ದೇಶವೇ ಅವರನ್ನು ಬೇಡದ ಪರದೇಶಿ ಅಂದಿತು, 1971ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ತಮ್ಮದೇ ಪ್ರದರ್ಶನಕ್ಕೆ ಬರಲು ವೀಸಾಗಾಗಿ ಒದ್ದಾಡಬೇಕಾಯಿತು. ಅವರ ಅಚ್ಚುಗಳಿಗೆ ಮಾತ್ರ ವೀಸಾ ಬೇಕಿರಲಿಲ್ಲ.

ಈಗ ಕಷ್ಟದ ಪ್ರಶ್ನೆ. ಹಸಿದವರನ್ನು ಬರೆಯುವುದು ಅವರನ್ನು ಬಳಸಿಕೊಂಡ ಹಾಗಲ್ಲವೇ? ಬಳಸಿಕೊಂಡ ಹಾಗೆ ಆಗಬಹುದು, ಹೌದು. ಆಗಿರುವ ಉದಾಹರಣೆ ಬೇಕಾದಷ್ಟಿವೆ. ಚಿತ್ತಪ್ರಸಾದ್ ಅದರಿಂದ ಹೇಗೆ ತಪ್ಪಿಸಿಕೊಂಡರು ಅಂತ ನೋಡಿದರೆ, ಚಿತ್ರದ ಕೆಳಗಿನ ಬರಹ ಕಣ್ಣಿಗೆ ಬೀಳುತ್ತದೆ. ಈತನ ಹೆಸರೇನು, ಯಾವ ಊರು, ಏನು ಕೆಲಸ ಮಾಡುತ್ತಿದ್ದ, ಮನೆಯಲ್ಲಿ ಯಾರು ಹೋದರು, ಯಾವತ್ತು ಬರೆದದ್ದು. ಹೆಸರು ಬಂದ ಕೂಡಲೇ ಚಿತ್ರ ‘ಬಡತನ’ ಅನ್ನುವ ಸಾಮಾನ್ಯ ವಸ್ತು ಆಗಿ ಉಳಿಯುವುದಿಲ್ಲ, ಒಬ್ಬ ಮನುಷ್ಯನ ಪರವಾದ ಸಾಕ್ಷಿ ಆಗುತ್ತದೆ, ಸರ್ಕಾರ ಬೇಕಿದ್ದರೆ ಹೋಗಿ ವಿಚಾರಿಸಬಹುದಾದ ಸಾಕ್ಷಿ. ಇನ್ನೊಂದು, ಆ ಚಿತ್ರ ಎಲ್ಲಿಗೆ ಹೋಗುತ್ತದೆ ಅನ್ನುವುದು. ಪತ್ರಿಕೆಗೆ ಹೋಗಿ ನೆರವಿನ ಹಣ ತರುವುದು ಬೇರೆ, ಶ್ರೀಮಂತರ ಊಟದ ಕೋಣೆಗೆ ಹೋಗುವುದು ಬೇರೆ. ಈಗ ಅವೇ ಹಾಳೆಗಳು ಹರಾಜಿನಲ್ಲಿ ಲಕ್ಷಗಳ ಲೆಕ್ಕದಲ್ಲಿ ಓಡುತ್ತವೆ ಅನ್ನುವುದೂ ನಿಜ, ಅದಕ್ಕೆ ಚಿತ್ತಪ್ರಸಾದ್ ಏನು ಮಾಡಿಯಾರು.

ಎಲ್ಲವನ್ನೂ ಹೊಗಳಲು ನಾನು ತಯಾರಿಲ್ಲ. ಅವರ ಪೋಸ್ಟರುಗಳಲ್ಲಿ ದಪ್ಪ ಹೊಟ್ಟೆಯ ಸೇಠ್, ಬಿಗಿದ ಮುಷ್ಟಿ ಬಂದಾಗಲೆಲ್ಲ ನನಗೆ ಆಸಕ್ತಿ ಕಡಿಮೆಯಾಗುತ್ತದೆ. ಆ ಸೇಠ್‌ಗೆ ಹೆಸರಿಲ್ಲ, ಊರಿಲ್ಲ, ಅವನು ಬರೀ ಗುರುತು. ಪಕ್ಷದ ಲೈನೂ ಆಗ ಇಕ್ಕಟ್ಟಿನದ್ದು. ರಷ್ಯಾ ಯುದ್ಧಕ್ಕೆ ಇಳಿದ ಮೇಲೆ ಪಕ್ಷ ಯುದ್ಧಕ್ಕೆ ಬೆಂಬಲ ಕೊಟ್ಟಿತ್ತು, 1942ರ ಚಲೇಜಾವ್ ಚಳವಳಿಯಿಂದ ಹೊರಗೆ ನಿಂತಿತ್ತು, ಮಿಡ್ನಾಪುರವೋ ಆ ಚಳವಳಿಯ ಕೆಂಡದಂಥ ಜಿಲ್ಲೆ. ಅಲ್ಲಿಗೆ ಪಕ್ಷದ ಕಲಾವಿದನಾಗಿ ಹೋದವರು, ಪಕ್ಷದ ಮಾತಿಗಿಂತ ತಮ್ಮ ಕಣ್ಣನ್ನು ನಂಬಿದ ಹಾಳೆಗಳಲ್ಲೇ ಗೆದ್ದಿದ್ದಾರೆ ಅಂತ ನನ್ನ ಅಭಿಪ್ರಾಯ.

ಇದೇ ವಿಷಯದಲ್ಲಿ ಸೋಮನಾಥ ಹೋರ್ ಅವರನ್ನು ನೀವು ನೋಡಲೇಬೇಕು. ಚಿತ್ತಗಾಂಗ್ ಕಡೆಯ ಹುಡುಗ, ಬರಗಾಲದ ಹೊತ್ತಿಗೆ ಚಿತ್ತಪ್ರಸಾದ್ ಅವರೇ ಇವರ ಕೈಗೆ ಪೆನ್ಸಿಲ್ ಕೊಟ್ಟು ಬೀದಿಗೆ ಎಳೆದರು ಅನ್ನಬಹುದು, ಕಲಾಶಾಲೆಯಲ್ಲಿ ಜೈನುಲ್ ಅಬೇದಿನ್ ಮೇಷ್ಟ್ರು. 1946ರಲ್ಲಿ ಉತ್ತರ ಬಂಗಾಳದ ಗೇಣಿದಾರರು ‘ಬೆಳೆಯ ಮೂರರಲ್ಲಿ ಎರಡು ಪಾಲು ನಮ್ಮದು’ ಅಂತ ಎದ್ದು ನಿಂತರು, ಅದೇ ತೇಭಾಗಾ ಹೋರಾಟ. ಹೋರ್ ಅಲ್ಲಿಗೆ ಹೋಗಿ ರೈತರ ಜೊತೆಗಿದ್ದು ಡೈರಿ ಬರೆದರು, ಸ್ಕೆಚ್ ಮಾಡಿದರು. ಅದರಲ್ಲಿ ಅಳುವ ಮುಖ ಕಡಿಮೆ, ಭತ್ತ ಕೊಯ್ಯುವವರು, ರಾತ್ರಿ ಸಭೆ ಸೇರಿದವರು ಜಾಸ್ತಿ. ನಂತರ 1970ರ ದಶಕದಲ್ಲಿ ಶಾಂತಿನಿಕೇತನದಲ್ಲಿದ್ದಾಗ ಅವರು ‘ಗಾಯಗಳು’ ಅನ್ನುವ ಸರಣಿ ಮಾಡಿದರು. ಇಂಕೇ ಇಲ್ಲ. ಮಣ್ಣಿನ ಹಲಗೆಯನ್ನು ಕುಯ್ದು, ಚುಚ್ಚಿ, ಅದರಿಂದ ಸಿಮೆಂಟಿನ ಅಚ್ಚು ತೆಗೆದು, ಅದರ ಮೇಲೆ ಹಸಿ ಕಾಗದದ ತಿರುಳು ಒತ್ತಿ ಒಣಗಿಸಿದ್ದು. ಬಿಳಿಯ ಮೇಲೆ ಬಿಳಿ. ಮೊಬೈಲಿನಲ್ಲಿ ನೋಡಿದರೆ ಖಾಲಿ ಹಾಳೆ. ಪಕ್ಕದಿಂದ ಬೆಳಕು ಬಿದ್ದಾಗ ಮಾತ್ರ ಸೀಳು, ಉಬ್ಬು, ತೂತು ಕಾಣುತ್ತದೆ. ಅದರಲ್ಲಿ ಯಾರ ಮುಖವೂ ಇಲ್ಲ, ಹಾಗಾಗಿ ನಿಮ್ಮ ಮೂರನೇ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಮೂವತ್ತು ವರ್ಷ ಹಸಿವು, ಹೊಡೆತ, ಗುಂಡೇಟು ಬರೆದ ಮನುಷ್ಯ ಕೊನೆಗೆ ಕಾಗದಕ್ಕೇ ಗಾಯ ಮಾಡಿದ. ಬೆಂಗಳೂರಿನಲ್ಲೋ ಬೇರೆಲ್ಲೋ ಹೋರ್ ಪ್ರದರ್ಶನ ಬಂದರೆ ಬಸ್ ಹತ್ತಿ ಹೋಗಿ ನೋಡಿ, ಫೋಟೋದಲ್ಲಿ ಸುಮ್ನೆ ಟೈಮ್ ವೇಸ್ಟ್.

ನೀವು ಬರೆಯಬಹುದೇ? ಧಾರಾಳವಾಗಿ. ಆದರೆ ದೇವಸ್ಥಾನದ ಮೆಟ್ಟಿಲ ಮೇಲಿನ ಸುಕ್ಕು ಮುಖದ ಅಜ್ಜನಿಂದ ಶುರು ಮಾಡಬೇಡಿ, ಅದನ್ನು ಎಲ್ಲರೂ ಮಾಡುತ್ತಾರೆ. ನಿಮ್ಮ ಕಡೆ ಚಳಿಗಾಲದಲ್ಲಿ ಬೆಳಗಾವಿ, ಬಾಗಲಕೋಟೆ ಸೀಮೆಗೆ ಕಬ್ಬು ಕಡಿಯುವ ಗ್ಯಾಂಗ್‌ಗಳು ಬರುತ್ತವಲ್ಲ, ಗದ್ದೆ ಬದಿಯಲ್ಲಿ ಗುಡಿಸಲು ಹಾಕಿಕೊಂಡು. ಅಲ್ಲಿಗೆ ಹೋಗಿ. ಮೊದಲು ಮಾತಾಡಿ, ‘ಅಕ್ಕಾ, ಚಿತ್ರ ತೆಗೀಲೇನ್ರಿ?’ ಅಂತ ಕೇಳಿ, ಬೇಡ ಅಂದರೆ ಪುಸ್ತಕ ಮುಚ್ಚಿ. ಮುಖಕ್ಕಿಂತ ಮೊದಲು ಕೈ ಬರೆಯಿರಿ, ಕತ್ತಿ ಹೇಗೆ ಹಿಡಿದಿದ್ದಾರೆ, ಹೊರೆ ತಲೆಗೇರಿಸುವಾಗ ಸೊಂಟ ಎತ್ತ ವಾಲುತ್ತದೆ. ಟನ್ನಿಗೆ ಎಷ್ಟು ಕೂಲಿ, ಮುಂಗಡ ಎಷ್ಟು, ಮಕ್ಕಳ ಶಾಲೆ ಏನಾಯಿತು, ಅವರು ಹೇಳಿದ್ದನ್ನು ಹಾಳೆಯ ಅಂಚಿಗೆ ಬರೆದುಕೊಳ್ಳಿ, ದಿನಾಂಕ ಹಾಕಿ. ಹೆಸರು ಹಾಕಬೇಕೋ ಬೇಡವೋ ಅವರನ್ನೇ ಕೇಳಿ, ಈಗ ಫೋಟೋ ಥರ ಚಿತ್ರವೂ ಒಂದು ಗಂಟೆಯಲ್ಲಿ ಊರೆಲ್ಲ ಓಡುತ್ತದೆ, ಗ್ಯಾಂಗ್ ಕರೆತಂದ ಮುಕಾದಮನ ಮೊಬೈಲಿಗೂ ಬರುತ್ತದೆ. ಬರೆದದ್ದನ್ನು ತಿರುಗಿಸಿ ತೋರಿಸಿ. ಅವರು ನಕ್ಕರೆ, ‘ನನ್ನ ಮೂಗು ಹಿಂಗಿಲ್ಲರಿ’ ಅಂದರೆ, ಕೆಲಸ ಸರಿಯಾಗಿ ಸಾಗಿದೆ ಅಂತ. ಚೆನ್ನಾಗಿ ಬಂದ ಒಂದನ್ನು ಲಿನೊದಲ್ಲಿ ಕೊರೆಯಿರಿ, ಒಂದು ಹಾಳೆ ಅವರಿಗೆ ಕೊಡಿ. ಕ್ಯಾನ್ವಾಸ್ ಆಗಿದ್ದರೆ ಇದು ಆಗುತ್ತಿತ್ತಾ?

ಸಾಮಾನಿನ ಬಗ್ಗೆ ಎರಡು ಮಾತು. ಬಾಲ್ ಪೆನ್, ಸ್ಕೆಚ್ ಪೆನ್ ಬೇಡ, ಬಣ್ಣ ಹಾರಿಹೋಗುತ್ತದೆ. ನೀರಿಗೆ ಕರಗದ ಕಪ್ಪು ಇಂಡಿಯನ್ ಇಂಕ್ ತಗೊಳ್ಳಿ, ಅದರ ಕಪ್ಪು ಹೊಗೆಯ ಮಸಿಯಿಂದಲೇ ಬಂದದ್ದು, ಬಿಸಿಲಿಗೆ ಜಗ್ಗುವುದಿಲ್ಲ. ಕಾಗದ ಆಸಿಡ್ ಇಲ್ಲದ್ದು ಅಂತ ಕೇಳಿ ತಗೊಳ್ಳಿ. ಅಚ್ಚಿಗೆ ತೀರಾ ದಪ್ಪ ಹಾಳೆ ಬೇಡ, ಚಮಚದಲ್ಲಿ ಉಜ್ಜಿದರೆ ಇಂಕು ಹಿಡಿಯುವುದಿಲ್ಲ, ತೆಳು ಕೈಕಾಗದ ಒಳ್ಳೆಯದು. ಲ್ಯಾಮಿನೇಷನ್ ಮಾಡಿಸಲೇಬೇಡಿ. ಹಿಂದೆ ಫೆವಿಕಾಲ್ ಬಳಿದು ಪ್ಲೈವುಡ್ಡಿಗೆ ಅಂಟಿಸುವ ಫ್ರೇಮಿನವರ ಹತ್ತಿರ ಹೋಗಬೇಡಿ, ಸೆಲೋ ಟೇಪೂ ಬೇಡ, ಹತ್ತು ವರ್ಷಕ್ಕೆ ಕಂದು ಪಟ್ಟಿ ಉಳಿಯುತ್ತದೆ. ಫ್ರೇಮ್ ಹಾಕಿಸಿದರೆ ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಮೌಂಟ್ ಬೋರ್ಡ್ ಇರಲಿ. ಮಳೆ ಹೊಡೆಯುವ ಗೋಡೆಗೆ ತೂಗುಹಾಕಬೇಡಿ, ಧಾರವಾಡದ ಜುಲೈ ತಿಂಗಳಿಗೆ ಬೂಸ್ಟು ಗ್ಯಾರಂಟಿ. ಉಳಿದ ಹಾಳೆಗಳನ್ನು ಮಡಚದೆ, ಸುರುಳಿ ಸುತ್ತದೆ, ನಡುವೆ ಬಿಳಿ ಕಾಗದ ಇಟ್ಟು ಚಪ್ಪಟೆಯಾಗಿ ಇಡಿ, ಮಳೆ ಮುಗಿದ ಮೇಲೆ ಒಮ್ಮೆ ತೆಗೆದು ನೆರಳಿನಲ್ಲಿ ಗಾಳಿಯಾಡಲು ಬಿಡಿ. ಲಿನೊ ಮತ್ತು ಉಳಿಗಳು ಧಾರವಾಡದಲ್ಲಿ ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಬಹುದು. ಉಳಿ ಹಿಡಿದಾಗ ಇನ್ನೊಂದು ಕೈ ಯಾವಾಗಲೂ ಉಳಿಯ ಹಿಂದಿರಲಿ, ಮುಂದೆ ಬೇಡ.